ನಾಯಿ ಕಚ್ಚಿದಾಗ ಯಾವ ಚುಚ್ಚುಮದ್ದು? ಲಸಿಕೆ, ಸೀರಮ್, ಮೊನೊಕ್ಲೋನಲ್‌ಗಳ ಹೋಲಿಕೆ

ನಾಯಿ ಕಚ್ಚಿಸಿಕೊಂಡವರ ಮನೆಯಲ್ಲಿ ಚರ್ಚೆ ಶುರುವಾಗುವುದೇ ರೇಬೀಸ್ (ಹುಚ್ಚುನಾಯಿ ರೋಗ) ಲಸಿಕೆಯ ಅಳತೆಯಿಂದ. ಸರ್ಕಾರಿ ಆಸ್ಪತ್ರೆಯಲ್ಲಿ ಎರಡೂ ತೋಳಿಗೆ ಹನಿಯಷ್ಟು ಹಾಕಿ ಕಳಿಸಿದರು, ಖಾಸಗಿ ಕ್ಲಿನಿಕ್ಕಿನಲ್ಲಿ ಇಡೀ ಬಾಟಲಿ ಕೊಡುತ್ತಾರಂತೆ, ಹಾಗಾದರೆ ಯಾವುದು ಗಟ್ಟಿ? ಇದಕ್ಕೆ ಉತ್ತರ ಸುಲಭ. ಸರಿಯಾಗಿ ಕೊಟ್ಟರೆ ಎರಡೂ ಅಷ್ಟೇ ಗಟ್ಟಿ. ಜೀವ ಉಳಿಯುವ ಪ್ರಶ್ನೆ ತೀರ್ಮಾನವಾಗುವುದು ಬೇರೆ ಎರಡು ಕಡೆ: ಗಾಯವನ್ನು ಸೋಪು ಹಾಕಿ ತೊಳೆದಿರಾ, ರಕ್ತ ಬಂದ ಗಾಯದೊಳಕ್ಕೆ ಅದೇ ದಿನ ಸೀರಮ್ (ವೈರಸ್ಸನ್ನು ಹಿಡಿದು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚು) ಹಾಕಿಸಿಕೊಂಡಿರಾ. ಎರಡನೆಯದನ್ನು ಕೇಳಿ ಪಡೆಯುವವರು ಬಹಳ ಕಡಿಮೆ. ಹಾಗಾಗಿ ಈ ಬರಹದಲ್ಲಿ ಲಸಿಕೆಗಿಂತ ಸೀರಮ್ಮಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ (ಕಿಮ್ಸ್) ಡಾ. ಎಂ.ಕೆ. ಸುದರ್ಶನ್ ನೇತೃತ್ವದಲ್ಲಿ 2003ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆ, ದೇಶದಲ್ಲಿ ವರ್ಷಕ್ಕೆ ಸುಮಾರು 20,000 ಮಂದಿ ರೇಬೀಸ್‌ನಿಂದ ಸಾಯುತ್ತಾರೆ ಎಂದು ಅಂದಾಜಿಸಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2022–23ರಲ್ಲಿ 15 ರಾಜ್ಯಗಳ 60 ಜಿಲ್ಲೆಗಳಲ್ಲಿ ಮಾಡಿದ ಸಮೀಕ್ಷೆಯಲ್ಲಿ ಈ ಅಂದಾಜು ಸುಮಾರು 5,700ಕ್ಕೆ ಇಳಿದಿದೆ. ಇಳಿಕೆ ದೊಡ್ಡದು, ನಿಜ. ಆದರೆ ಅದೇ ಸಮೀಕ್ಷೆಯಲ್ಲಿ, ನಾಯಿ ಕಚ್ಚಿದ ಐವರಲ್ಲಿ ಒಬ್ಬರು ಲಸಿಕೆಯನ್ನೇ ಹಾಕಿಸಿಕೊಂಡಿರಲಿಲ್ಲ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಈ ಕಾಯಿಲೆಗೆ ನಂಬಬಹುದಾದ ಚಿಕಿತ್ಸೆ ಇವತ್ತಿಗೂ ಇಲ್ಲ. ಏನು ಮಾಡುವುದಿದ್ದರೂ ಅದಕ್ಕೆ ಮುಂಚೆಯೇ ಮಾಡಬೇಕು.

ಮೊದಲು ನಲ್ಲಿ, ಆಮೇಲೆ ಆಸ್ಪತ್ರೆ

ರೇಬೀಸ್ ವೈರಸ್ಸಿಗೆ ಹೊರಗಡೆ ಕೊಬ್ಬಿನ ಹೊದಿಕೆ ಇದೆ. ಎಣ್ಣೆ ಪಾತ್ರೆಯ ಜಿಡ್ಡನ್ನು ತೆಗೆಯುವ ಸೋಪೇ ಈ ಹೊದಿಕೆಯನ್ನೂ ಒಡೆಯುತ್ತದೆ. ಹೊದಿಕೆ ಹೋದರೆ ವೈರಸ್ ಸತ್ತಂತೆ. ಮೈ ಸೋಪು, ಬಟ್ಟೆ ಸೋಪು ಯಾವುದಾದರೂ ಸರಿ. ಹರಿಯುವ ನೀರಿನಲ್ಲಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಬೇಕು. ಹೆಚ್ಚಿನವರು ಎರಡು ನಿಮಿಷಕ್ಕೇ ಸಾಕೆಂದು ಎದ್ದುಬಿಡುತ್ತಾರೆ. ನಲ್ಲಿ ಇಲ್ಲದಿದ್ದರೆ ಇನ್ನೊಬ್ಬರು ಚೊಂಬಿನಿಂದ ಸುರಿಯುತ್ತಿರಲಿ. ಹಲ್ಲು ಆಳಕ್ಕಿಳಿದು ತೂತಾಗಿದ್ದರೆ ನೀರಿನ ಧಾರೆ ತೂತಿನೊಳಕ್ಕೇ ಬೀಳುವಂತೆ ಹಿಡಿಯಿರಿ. ಒರೆಸಿದ ಮೇಲೆ ಪೊವಿಡೋನ್ ಅಯೋಡಿನ್ ಹಚ್ಚಬಹುದು.

ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ, ಎಕ್ಕದ ಹಾಲು ಇವುಗಳಲ್ಲಿ ಯಾವುದೂ ಬೇಡ. ಇವು ವೈರಸ್ಸನ್ನು ಕೊಲ್ಲುವುದಿಲ್ಲ, ಗಾಯವನ್ನು ಕೆರಳಿಸುತ್ತವೆ. ಆಗಲೇ ಯಾರೋ ಹಚ್ಚಿಬಿಟ್ಟಿದ್ದರೆ ಗಾಬರಿ ಬೇಡ, ಅದನ್ನೂ ಸೇರಿಸಿ ತೊಳೆಯಿರಿ. ಕಚ್ಚಿ ಹಲವು ಗಂಟೆ ಕಳೆದಿದ್ದರೂ ತೊಳೆಯಲೇಬೇಕು.

ಆಸ್ಪತ್ರೆಯಲ್ಲಿ ಗಾಯವನ್ನು ಮೂರು ದರ್ಜೆಯಲ್ಲಿ ವಿಂಗಡಿಸುತ್ತಾರೆ. ಮುಟ್ಟಿದ್ದು, ಮೇವು ಹಾಕಿದ್ದು, ಗಾಯವಿಲ್ಲದ ಚರ್ಮವನ್ನು ನೆಕ್ಕಿದ್ದು ಒಂದನೇ ದರ್ಜೆ. ಇದಕ್ಕೆ ಏನೂ ಬೇಡ. ಹಲ್ಲು ತಾಗಿದೆ ಅಥವಾ ಪರಚಿದೆ ಆದರೆ ರಕ್ತ ಬಂದಿಲ್ಲ ಎಂದರೆ ಎರಡನೇ ದರ್ಜೆ, ಲಸಿಕೆ ಬೇಕು. ಚರ್ಮ ತೂರಿ ರಕ್ತ ಬಂದಿದೆ, ಇದ್ದ ಗಾಯವನ್ನು ನೆಕ್ಕಿದೆ, ಬಾಯಿ-ಕಣ್ಣಿಗೆ ಜೊಲ್ಲು ಬಿದ್ದಿದೆ ಎಂದರೆ ಮೂರನೇ ದರ್ಜೆ. ಇದಕ್ಕೆ ಲಸಿಕೆ ಮತ್ತು ಸೀರಮ್ ಎರಡೂ ಬೇಕು. ರಕ್ತ ಬಂತೋ ಇಲ್ಲವೋ ಎಂದು ಅನುಮಾನವಿದ್ದರೆ ಆ ಜಾಗಕ್ಕೆ ಸ್ವಲ್ಪ ಸ್ಪಿರಿಟ್ ತಾಗಿಸಿ ನೋಡುವುದುಂಟು. ಚುರ್ ಎಂದರೆ ಚರ್ಮ ಹರಿದಿದೆ ಎಂದೇ ಲೆಕ್ಕ. ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬೈಸಿಕೊಳ್ಳುವ ಭಯಕ್ಕೆ ಮಗು "ಬರೀ ಪರಚಿತು" ಎನ್ನಬಹುದು. ಬಟ್ಟೆ ಬಿಚ್ಚಿಸಿ ತಲೆಗೂದಲಿನ ಸಂದಿಯಿಂದ ಕಾಲಿನವರೆಗೆ ನೋಡಿ.

ಚರ್ಮದೊಳಗೆ 0.1 ಮಿ.ಲೀ., ಸ್ನಾಯುವಿಗೆ ಇಡೀ ಬಾಟಲಿ

ಎರಡೂ ಕಡೆ ಬಳಸುವುದು ಒಂದೇ ಲಸಿಕೆ. ಜೀವಕೋಶಗಳಲ್ಲಿ ಬೆಳೆಸಿ, ಕೊಂದು, ಶುದ್ಧೀಕರಿಸಿದ ವೈರಸ್ ಅದು. ಒಂದು ಬಾಟಲಿಯಲ್ಲಿ ಕನಿಷ್ಠ 2.5 ಅಂತರರಾಷ್ಟ್ರೀಯ ಯೂನಿಟ್ ಸತ್ವ ಇರಬೇಕು ಎಂಬ ನಿಯಮವಿದೆ. ಕುರಿಯ ಮೆದುಳಿನಿಂದ ತಯಾರಿಸಿ ಹೊಕ್ಕುಳ ಸುತ್ತ ಹಾಕುತ್ತಿದ್ದ ಹಳೆಯ ಸೆಂಪಲ್ ಲಸಿಕೆ ಭಾರತದಲ್ಲಿ 2004ರ ಕೊನೆಗೇ ನಿಂತುಹೋಯಿತು. ಆ ನೋವಿನ ನೆನಪಿಗೆ ಹೆದರಿ ಈಗಲೂ ಆಸ್ಪತ್ರೆಗೆ ಬರದವರಿದ್ದಾರೆ. ಅಂಥ ಹಿರಿಯರು ಮನೆಯಲ್ಲಿದ್ದರೆ ಈ ಮಾತನ್ನು ಅವರಿಗೆ ಮೊದಲು ಹೇಳಿ.

ಸ್ನಾಯು ಕ್ರಮದಲ್ಲಿ 0, 3, 7, 14, 28ನೇ ದಿನ ಒಂದೊಂದು ಪೂರ್ತಿ ಬಾಟಲಿ. ಒಟ್ಟು 5 ಭೇಟಿ, 5 ಬಾಟಲಿ. ಮೊದಲ ಚುಚ್ಚು ಹಾಕಿಸಿಕೊಂಡ ದಿನವೇ 0ನೇ ದಿನ, ನಾಯಿ ಕಚ್ಚಿದ ದಿನವಲ್ಲ. ಬಾಟಲಿ ಕಂಪನಿಗೆ ತಕ್ಕಂತೆ 0.5 ಮಿ.ಲೀ. ಇರಬಹುದು, 1 ಮಿ.ಲೀ. ಇರಬಹುದು. ಎಷ್ಟಿದ್ದರೂ ಪೂರ್ತಿ ಹಾಕಬೇಕು.

ಚರ್ಮದೊಳಗಿನ ಕ್ರಮದಲ್ಲಿ 0, 3, 7, 28ನೇ ದಿನ ಎರಡೂ ತೋಳಿಗೆ 0.1 ಮಿ.ಲೀ.ನಂತೆ. ಒಟ್ಟು 4 ಭೇಟಿ, 8 ಚುಚ್ಚು. ಎಲ್ಲ ಕೂಡಿದರೂ 0.8 ಮಿ.ಲೀ. ಮಾತ್ರ. ಬಾಟಲಿ 0.5 ಮಿ.ಲೀ.ನದಾಗಲಿ 1 ಮಿ.ಲೀ.ನದಾಗಲಿ, ಒಂದು ಚುಚ್ಚಿಗೆ 0.1 ಮಿ.ಲೀ. ಎಂಬುದು ಬದಲಾಗದು.

ಇಷ್ಟು ಕಡಿಮೆ ಸಾಕಾಗುವುದಕ್ಕೆ ಕಾರಣ ಚರ್ಮದಲ್ಲೇ ಇದೆ. ಹೊರಗಿನಿಂದ ಬಂದದ್ದನ್ನು ಹಿಡಿದು ದುಗ್ಧಗ್ರಂಥಿಗಳಿಗೆ ಒಯ್ದು ತೋರಿಸುವ ಕಾವಲು ಕೋಶಗಳು ಚರ್ಮದಲ್ಲಿ ಒತ್ತಾಗಿವೆ, ಸ್ನಾಯುವಿನಲ್ಲಿ ವಿರಳ. ಎರಡು ತೋಳಿಗೆ ಹಾಕಿದರೆ ಎರಡು ಕಂಕುಳಿನ ಗ್ರಂಥಿಗಳೂ ಕೆಲಸಕ್ಕಿಳಿಯುತ್ತವೆ. ಬ್ಯಾಂಕಾಕ್‌ನ ಥಾಯ್ ರೆಡ್‌ಕ್ರಾಸ್ ಸಂಸ್ಥೆಯಲ್ಲಿ ರೂಪುಗೊಂಡ ಈ ಕ್ರಮಕ್ಕೆ ಭಾರತದಲ್ಲಿ 2006ರಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಕಿಮ್ಸ್ ವೈದ್ಯರೂ ಇದರ ಬಗ್ಗೆ ಅಧ್ಯಯನ ಮಾಡಿದ್ದಾರೆ. ಹಾಗಾಗಿ ಇದನ್ನು "ಬಡವರಿಗೆ ಅರ್ಧ ಡೋಸ್" ಎನ್ನುವುದು ತಪ್ಪು. ಐದು ಬಾಟಲಿಯಲ್ಲಿ ಒಬ್ಬರಿಗೆ ಆಗುವ ಕೆಲಸವನ್ನು ಅದೇ ಲಸಿಕೆಯಿಂದ ಹಲವರಿಗೆ ಮಾಡುವ ವಿಧಾನ ಇದು. ಲಸಿಕೆ ಖಾಲಿಯಾಗುವ ತಾಲ್ಲೂಕು ಆಸ್ಪತ್ರೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಆದರೆ ಚರ್ಮದ ಚುಚ್ಚಿಗೆ ಕೈ ಪಳಗಿರಬೇಕು. ಇನ್ಸುಲಿನ್ ಸಿರಿಂಜಿನ ಸೂಜಿಯನ್ನು ಚರ್ಮಕ್ಕೆ ಹೆಚ್ಚುಕಡಿಮೆ ಮಲಗಿಸಿ, ಸೂಜಿಯ ಬಾಯಿ ಮೇಲ್ಮುಖವಾಗಿಟ್ಟು, ತುದಿಯನ್ನಷ್ಟೇ ಒಳಗೆ ತೂರಿಸಬೇಕು. ತಳ್ಳುವಾಗ ಕೈಗೆ ಬಿಗಿ ಹತ್ತುತ್ತದೆ. ಆ ಜಾಗದಲ್ಲಿ ಕಿತ್ತಳೆ ಸಿಪ್ಪೆಯಂತೆ ಸಣ್ಣ ಕುಳಿಗಳಿರುವ ಬಿಳಿಚಿದ ಗುಳ್ಳೆ ಏಳಬೇಕು. ಗುಳ್ಳೆ ಎದ್ದರೆ ಲಸಿಕೆ ಸರಿಯಾದ ಜಾಗಕ್ಕೆ ಹೋಗಿದೆ. ತಳ್ಳಿದ ಕೂಡಲೇ ಸರಾಗವಾಗಿ ಇಳಿದು ಗುಳ್ಳೆಯೇ ಏಳದಿದ್ದರೆ ಅದು ಚರ್ಮದಡಿಯ ಕೊಬ್ಬಿಗೆ ಹೋಗಿದೆ. ಆ ಚುಚ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪಕ್ಕದಲ್ಲಿ ಇನ್ನೊಮ್ಮೆ ಹಾಕಬೇಕು. ಇದನ್ನು ನೀವೇ ಕಣ್ಣಾರೆ ನೋಡಬಹುದು, ನೋಡಿ. ಗುಳ್ಳೆ ಏಳಲಿಲ್ಲ ಎಂದು ಸಿಸ್ಟರ್‌ಗೆ ಹೇಳುವುದರಲ್ಲಿ ಸಂಕೋಚ ಬೇಡ.

ಸಿರಿಂಜಿನ ಗೆರೆಗಳೂ ಎಡವಿಸುತ್ತವೆ. 100 ಯೂನಿಟ್ ಗುರುತಿನ ಇನ್ಸುಲಿನ್ ಸಿರಿಂಜಿನಲ್ಲಿ 0.1 ಮಿ.ಲೀ. ಎಂದರೆ 10ನೇ ಗೆರೆ, 40 ಯೂನಿಟ್ ಸಿರಿಂಜಿನಲ್ಲಿ 4ನೇ ಗೆರೆ. ಎರಡೂ ಬಗೆಯ ಸಿರಿಂಜು ಒಂದೇ ಟ್ರೇಯಲ್ಲಿದ್ದರೆ ಅಳತೆ ಎರಡೂವರೆ ಪಟ್ಟು ಏರುಪೇರಾಗಬಹುದು. ಇನ್ನೊಂದು ತೊಡಕು ಸಮಯದ್ದು. ಪುಡಿಗೆ ದ್ರಾವಕ ಬೆರೆಸಿದ ಮೇಲೆ ಬಾಟಲಿಯನ್ನು 2–8 ಡಿಗ್ರಿಯಲ್ಲಿಟ್ಟು 6ರಿಂದ 8 ಗಂಟೆಯೊಳಗೆ ಮುಗಿಸಬೇಕು. ನಿನ್ನೆ ತೆರೆದ ಬಾಟಲಿ ಇವತ್ತಿಗೆ ಆಗದು. ಆದ್ದರಿಂದಲೇ ದಿನಕ್ಕೆ ಒಬ್ಬಿಬ್ಬರು ಬರುವ ಸಣ್ಣ ಕ್ಲಿನಿಕ್ಕುಗಳು ಸ್ನಾಯು ಕ್ರಮವನ್ನೇ ಆರಿಸಿಕೊಳ್ಳುತ್ತವೆ. ಅದರಲ್ಲಿ ತಪ್ಪಿಲ್ಲ.

ಸ್ನಾಯುವಿನ ಚುಚ್ಚಿನಲ್ಲಿ ಕೆಡುವುದು ಒಂದೇ ಕಡೆ, ಪೃಷ್ಠ. ಅಲ್ಲಿ ಕೊಬ್ಬು ದಪ್ಪ, ಲಸಿಕೆ ಸ್ನಾಯುವಿಗೆ ತಲುಪದೆ ಕೊಬ್ಬಿನಲ್ಲೇ ಉಳಿದು ರಕ್ಷಣೆ ಕಡಿಮೆಯಾಗುತ್ತದೆ. ದೊಡ್ಡವರಿಗೆ ತೋಳಿನ ಮೇಲ್ಭಾಗ, ಪುಟ್ಟ ಮಕ್ಕಳಿಗೆ ತೊಡೆಯ ಮುಂಬದಿಯ ಹೊರಮಗ್ಗುಲು. ರೇಬೀಸ್ ಲಸಿಕೆಯನ್ನು ಯಾರಾದರೂ ಸೊಂಟದ ಕೆಳಗೆ ಹಿಂಬದಿಗೆ ಹಾಕಲು ಹೊರಟರೆ ಬೇಡವೆನ್ನಿ.

ಹಾಗಾದರೆ ಯಾರಿಗೆ ಯಾವುದು? ಆರೋಗ್ಯವಂತರು ಯಾವುದು ಹತ್ತಿರದಲ್ಲಿ, ಇವತ್ತೇ ಸಿಗುತ್ತದೋ ಅದನ್ನು ಹಾಕಿಸಿಕೊಳ್ಳಿ. ಇಡೀ ಬಾಟಲಿಗಾಗಿ ನಾಳೆಯವರೆಗೆ ಕಾಯುವುದಕ್ಕಿಂತ ಇವತ್ತಿನ 0.1 ಮಿ.ಲೀ. ಮೇಲು. ದೀರ್ಘಕಾಲದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಎಚ್‌ಐವಿಯಿಂದ ಪ್ರತಿರೋಧ ಶಕ್ತಿ ಕುಗ್ಗಿದವರು, ಕ್ಲೋರೋಕ್ವಿನ್ ಬಗೆಯ ಮಾತ್ರೆ ನುಂಗುತ್ತಿರುವವರು ಮಾತ್ರ ಸ್ನಾಯು ಕ್ರಮವನ್ನೇ ಕೇಳಿ ಪಡೆಯಬೇಕು. ಪ್ರತಿರೋಧ ಶಕ್ತಿ ಕುಗ್ಗಿದವರಿಗೆ ಎರಡನೇ ದರ್ಜೆಯ ಗಾಯಕ್ಕೂ ಸೀರಮ್ ಕೊಡುತ್ತಾರೆ. ಸಂಧಿವಾತಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ, ಆದರೆ ಓಪಿಡಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಮಾತ್ರೆ ಚೀಟಿ ಜೊತೆಗಿರಲಿ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಲಸಿಕೆಯನ್ನೂ ಸೀರಮ್ಮನ್ನೂ ಧೈರ್ಯವಾಗಿ ಹಾಕಿಸಿಕೊಳ್ಳಬಹುದು. ಹೆರಿಗೆಯವರೆಗೆ ಮುಂದೂಡುವ ಪ್ರಶ್ನೆಯೇ ಇಲ್ಲ.

ಕಡಿಮೆ ದಿನದ ಹೊಸ ಕ್ರಮಗಳು

28ನೇ ದಿನದ ಚುಚ್ಚನ್ನು ಮರೆಯುವವರು ಎಲ್ಲ ಕಡೆಯೂ ಇದ್ದಾರೆ. ಕೂಲಿ ಬಿಟ್ಟು, ಬಸ್ಸು ಹಿಡಿದು ನಾಲ್ಕನೇ ಸಲ ಬರುವುದು ಸುಲಭವಲ್ಲ. ಕಾಂಬೋಡಿಯಾದ ಪಾಶ್ಚರ್ ಸಂಸ್ಥೆಯ ಅನುಭವವನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಒಂದೇ ವಾರದ ಚರ್ಮದ ಕ್ರಮವನ್ನು ಒಪ್ಪಿತು: 0, 3, 7ನೇ ದಿನ ಎರಡೂ ತೋಳಿಗೆ, ಅಲ್ಲಿಗೆ ಮುಗಿಯಿತು. ಸ್ನಾಯುವಿಗಾದರೆ 4 ಡೋಸ್ ಸಾಕು ಎಂದೂ ಹೇಳಿತು. ನಮ್ಮ ರಾಷ್ಟ್ರೀಯ ಮಾರ್ಗಸೂಚಿ 28ನೇ ದಿನದ ಡೋಸನ್ನು ಉಳಿಸಿಕೊಂಡಿದೆ. ಚೀಟಿಯಲ್ಲಿ 28 ಎಂದು ಬರೆದಿದ್ದರೆ ಹೋಗಿ ಹಾಕಿಸಿಕೊಳ್ಳಿ. ಎಲ್ಲೋ ಓದಿದ ಒಂದು ವಾರದ ಕ್ರಮವನ್ನು ನೆಪ ಮಾಡಿಕೊಂಡು ಬಿಡಬೇಡಿ.

ಅಹಮದಾಬಾದಿನ ಕ್ಯಾಡಿಲಾ ಫಾರ್ಮಾಸ್ಯುಟಿಕಲ್ಸ್ 2022ರಲ್ಲಿ ತಂದ ಥ್ರಾಬಿಸ್ ಎಂಬ ಮೂರು ಡೋಸಿನ ಲಸಿಕೆಯೂ ಇದೆ. ಇದರಲ್ಲಿ ಇಡೀ ವೈರಸ್ ಇರುವುದಿಲ್ಲ, ವೈರಸ್ಸಿನ ಮೇಲ್ಮೈಯ ಜಿ ಪ್ರೋಟೀನನ್ನು ಮಾತ್ರ ಕಣಗಳ ರೂಪದಲ್ಲಿ ತಯಾರಿಸಿರುತ್ತಾರೆ. 0, 3, 7ನೇ ದಿನ ಸ್ನಾಯುವಿಗೆ ಕೊಡುತ್ತಾರೆ. ಇದು ಆಶೆ ಹುಟ್ಟಿಸುವ ದಾರಿ. ಆದರೆ ಕೋಶಗಳಲ್ಲಿ ಬೆಳೆಸಿದ ಲಸಿಕೆಗಳಿಗೆ ದಶಕಗಳ, ಕೋಟ್ಯಂತರ ಡೋಸುಗಳ ಅನುಭವದ ಬೆಂಬಲವಿದೆ. ನಾಲ್ಕು ಬಾರಿ ಬರಲು ಸಾಧ್ಯವಿರುವವರಿಗೆ ನಮ್ಮ ಸಲಹೆ ಹಳೆಯದೇ. ಒಂದು ವಾರದಲ್ಲಿ ಹಡಗು ಹತ್ತಬೇಕಾದ, ಗಡಿಯ ಕೆಲಸಕ್ಕೆ ಮರಳಬೇಕಾದ ಜನರಿಗೆ ಮೂರು ಡೋಸಿನದನ್ನು ವೈದ್ಯರೊಂದಿಗೆ ಕೂತು ಯೋಚಿಸಬಹುದು.

ಒಂದು ಡೋಸ್ ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕಿಲ್ಲ. ನೆನಪಾದ ದಿನ ಹೋಗಿ ತಪ್ಪಿದ್ದನ್ನು ಹಾಕಿಸಿಕೊಂಡು, ಮುಂದಿನವನ್ನು ಅಷ್ಟೇ ಅಂತರದಲ್ಲಿ ಮುಂದುವರಿಸಿ. ಕಂಪನಿ ಬದಲಾಯಿತು ಎಂಬ ಚಿಂತೆಯೂ ಬೇಡ. ಶುರು ಮಾಡಿದ ಕ್ರಮವನ್ನು ನಡುವೆ ಬದಲಿಸದಿರುವುದು ಒಳ್ಳೆಯದು, ಆದರೆ ಬೇರೆ ದಾರಿಯೇ ಇಲ್ಲದಿದ್ದರೆ ಬದಲಿಸಬಹುದು, ನಿಲ್ಲಿಸಬಾರದು.

ಸೀರಮ್: ಲಸಿಕೆ ಏಳುವ ತನಕದ ಕಾವಲು

ಲಸಿಕೆ ಹಾಕಿದ ಮೇಲೆ ದೇಹ ತನ್ನದೇ ಪ್ರತಿಕಾಯ ತಯಾರಿಸಲು 7ರಿಂದ 14 ದಿನ ಬೇಕು. ಅಷ್ಟರಲ್ಲಿ ಗಾಯದಲ್ಲಿರುವ ವೈರಸ್ ನರದ ತುದಿಯನ್ನು ಹೊಕ್ಕರೆ ಆಮೇಲೆ ರಕ್ತದಲ್ಲಿ ಎಷ್ಟು ಪ್ರತಿಕಾಯ ಇದ್ದರೂ ಪ್ರಯೋಜನವಿಲ್ಲ. ಅದು ನರದೊಳಗೆ ಅಡಗಿಕೊಂಡೇ ಮೆದುಳಿನತ್ತ ಸಾಗುತ್ತದೆ. ಮುಖ, ಕುತ್ತಿಗೆ, ಬೆರಳ ತುದಿಗಳಲ್ಲಿ ನರಗಳು ದಟ್ಟ. ಮುಖದಿಂದ ಮೆದುಳಿಗೆ ದಾರಿಯೂ ಹತ್ತಿರ. ಚಿಕ್ಕ ಮಕ್ಕಳ ಎತ್ತರಕ್ಕೆ ನಾಯಿಯ ಬಾಯಿ ಸಿಗುವುದೇ ಮುಖ-ತಲೆಗೆ. ಲಸಿಕೆಯನ್ನು ಸಮಯಕ್ಕೆ ಹಾಕಿಸಿಯೂ ಮಗುವನ್ನು ಕಳೆದುಕೊಂಡ ಸಂಗತಿಗಳನ್ನು ಕೇಳಿದಾಗ ಜನ ಲಸಿಕೆಯನ್ನು ಬೈಯುತ್ತಾರೆ. ಅಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಸೀರಮ್ ಹಾಕಿದ್ದರೇ, ಹಾಕಿದ್ದರೆ ಎಲ್ಲ ಗಾಯಗಳಿಗೂ ಹಾಕಿದ್ದರೇ ಎಂಬುದು.

ಸೀರಮ್ ಅಂದರೆ ಸಿದ್ಧ ಪ್ರತಿಕಾಯ. ಈಗ ಮೂರು ಬಗೆ ಸಿಗುತ್ತದೆ.

ಕುದುರೆಯ ರಕ್ತದಿಂದ ತೆಗೆದ ಇಮ್ಯುನೊಗ್ಲೋಬ್ಯುಲಿನ್ ಅಗ್ಗ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಡೋಸ್ ಕಿಲೋ ತೂಕಕ್ಕೆ 40 ಯೂನಿಟ್. ಕುದುರೆಯ ಪ್ರೋಟೀನ್ ಆದ್ದರಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು. ಹಾಗಾಗಿ ಅಡ್ರಿನಲಿನ್ ಸಿದ್ಧವಿಟ್ಟುಕೊಂಡು ಕೊಡಬೇಕು, ಕೊಟ್ಟ ಮೇಲೆ ಅರ್ಧ ಗಂಟೆಯಾದರೂ ಅಲ್ಲೇ ಕೂರಿಸಬೇಕು. ಒಂದೆರಡು ವಾರದ ನಂತರ ಕೀಲುನೋವು, ಜ್ವರ, ದದ್ದು ಕಾಣಿಸಿಕೊಳ್ಳುವುದೂ ಉಂಟು, ಔಷಧಿಯಿಂದ ಇಳಿಯುತ್ತದೆ. ಮುಂಚೆ ಚರ್ಮಕ್ಕೆ ಟೆಸ್ಟ್ ಡೋಸ್ ಹಾಕಿ ನೋಡುವ ರೂಢಿಯಿತ್ತು. ಯಾರಿಗೆ ಅಲರ್ಜಿ ಆಗುತ್ತದೆಂದು ಆ ಪರೀಕ್ಷೆ ಸರಿಯಾಗಿ ಹೇಳಲಾರದು, ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬಿಡಲು ಹೇಳಿದೆ. ಟೆಸ್ಟ್ ಕೆಂಪಗಾಯಿತು ಎಂದು ಸೀರಮ್ಮನ್ನೇ ಕೊಡದೆ ಕಳಿಸುವುದು ಅಪಾಯದ ಕೆಲಸ.

ಲಸಿಕೆ ಹಾಕಿದ ಮನುಷ್ಯರ ರಕ್ತದಿಂದ ತೆಗೆದದ್ದು ಎರಡನೆಯದು. ಡೋಸ್ ಕಿಲೋಗೆ 20 ಯೂನಿಟ್. ಅಲರ್ಜಿ ಬಹಳ ಕಡಿಮೆ, ಬೆಲೆ ಬಹಳ ಹೆಚ್ಚು. ದಪ್ಪ ದೇಹದ ವಯಸ್ಕರಿಗೆ ಬಿಲ್ಲು ಸಾವಿರಗಳ ಲೆಕ್ಕದಲ್ಲಿ ಏರುತ್ತದೆ, ಎಲ್ಲ ಊರಲ್ಲೂ ಸಿಗುವುದಿಲ್ಲ. ಹಿಂದೆ ಕುದುರೆ ಸೀರಮ್ಮಿನಿಂದ (ಹಾವಿನ ವಿಷದ ಔಷಧಿಯೂ ಸೇರಿ) ತೀವ್ರ ಅಲರ್ಜಿ ಆಗಿದ್ದವರು ಇದನ್ನೋ ಮುಂದೆ ಹೇಳುವ ಮೂರನೆಯದನ್ನೋ ಕೇಳಬೇಕು. ಉಳಿದವರು ಇದಕ್ಕಾಗಿ ಊರೂರು ಅಲೆದು ಎರಡು ದಿನ ಕಳೆಯುವುದು ಬೇಡ. ಗಾಯ ಕಾಪಾಡುವುದರಲ್ಲಿ ಕುದುರೆಯದೂ ಕಡಿಮೆಯದಲ್ಲ.

ಮೂರನೆಯದು ಮೊನೊಕ್ಲೋನಲ್ ಪ್ರತಿಕಾಯ, ಈ ಕ್ಷೇತ್ರದಲ್ಲಿ ಇತ್ತೀಚೆಗೆ ಆದ ನಿಜವಾದ ಮುನ್ನಡೆ. ಪ್ರಾಣಿ, ಮನುಷ್ಯ ಯಾರ ರಕ್ತವೂ ಬೇಡ. ಪ್ರಯೋಗಾಲಯದ ಕೋಶಗಳಲ್ಲಿ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಸಬಹುದು, ಬ್ಯಾಚಿನಿಂದ ಬ್ಯಾಚಿಗೆ ಸತ್ವ ಬದಲಾಗುವುದಿಲ್ಲ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್, ಅಮೆರಿಕದ ಮ್ಯಾಸ್‌ಬಯಾಲಜಿಕ್ಸ್ ಜೊತೆ ಸೇರಿ ತಂದ ರೇಬಿಶೀಲ್ಡ್ ಮೊದಲು ಬಂತು. ಝೈಡಸ್ ಕಂಪನಿಯ ಟ್ವಿನ್‌ರ‍್ಯಾಬ್ ಆಮೇಲೆ ಬಂತು. ಇವುಗಳ ಬಗೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ರೇಬಿಶೀಲ್ಡ್‌ನಲ್ಲಿರುವುದು ಒಂದೇ ಪ್ರತಿಕಾಯ, ಅದು ವೈರಸ್ಸಿನ ಒಂದು ಜಾಗವನ್ನು ಹಿಡಿಯುತ್ತದೆ. ಟ್ವಿನ್‌ರ‍್ಯಾಬ್‌ನಲ್ಲಿ ಎರಡು ಪ್ರತಿಕಾಯಗಳಿದ್ದು ಎರಡು ಬೇರೆ ಜಾಗ ಹಿಡಿಯುತ್ತವೆ. ವೈರಸ್ ಒಂದು ಜಾಗದಲ್ಲಿ ರೂಪ ಬದಲಿಸಿದರೂ ಇನ್ನೊಂದು ಹಿಡಿತ ಉಳಿಯಲಿ ಎಂಬುದು ಎರಡರ ಜೋಡಿಯ ಹಿಂದಿನ ಯೋಚನೆ. ನಮ್ಮ ದೇಶದ ಬೀದಿನಾಯಿ ಕಡಿತಕ್ಕೆ ಎರಡರಲ್ಲಿ ಯಾವುದು ಕೈಗೆ ಸಿಕ್ಕರೂ ಹಾಕಿಸಿಕೊಳ್ಳಿ ಎಂಬುದೇ ನಮ್ಮ ಅಭಿಪ್ರಾಯ.

ಹೊಸ ಔಷಧಿಯ ಜೊತೆ ಹೊಸ ತಪ್ಪೂ ಬಂದಿದೆ, ಅದು ಡೋಸಿನ ಲೆಕ್ಕದ್ದು. ರೇಬಿಶೀಲ್ಡ್ ಕಿಲೋಗೆ 3.33 ಯೂನಿಟ್, ಟ್ವಿನ್‌ರ‍್ಯಾಬ್ ಕಿಲೋಗೆ 40 ಯೂನಿಟ್. 60 ಕಿಲೋ ತೂಕದವರಿಗೆ ಒಂದರಲ್ಲಿ 200 ಯೂನಿಟ್, ಇನ್ನೊಂದರಲ್ಲಿ 2,400. ಎರಡೂ "ಮೊನೊಕ್ಲೋನಲ್" ಎಂದು ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದರೆ 12 ಪಟ್ಟು ವ್ಯತ್ಯಾಸವಾಗುತ್ತದೆ. ಬಾಟಲಿಯ ಹೆಸರನ್ನು ಚೀಟಿಯಲ್ಲಿ ಪೂರ್ತಿ ಬರೆಸಿಕೊಳ್ಳಿ.

ಗಾತ್ರದ ಅಂದಾಜಿಗೆ 20 ಕಿಲೋ ತೂಕದ ಮಗುವಿನ ಲೆಕ್ಕ ನೋಡಿ. ಕುದುರೆ ಸೀರಮ್ 800 ಯೂನಿಟ್ ಬೇಕು. ಮಿ.ಲೀ.ಗೆ 300 ಯೂನಿಟ್ ಇರುವ ಬಾಟಲಿಯಾದರೆ ಸುಮಾರು 2.7 ಮಿ.ಲೀ. ಮನುಷ್ಯರದು 400 ಯೂನಿಟ್. ಮಿ.ಲೀ.ಗೆ 150 ಇದ್ದರೆ ಅದೂ 2.7 ಮಿ.ಲೀ. ರೇಬಿಶೀಲ್ಡ್ 67 ಯೂನಿಟ್. ಮಿ.ಲೀ.ಗೆ 40 ಇರುವ ಬಾಟಲಿಯಲ್ಲಿ ಸುಮಾರು 1.7 ಮಿ.ಲೀ. ಮಗುವಿನ ಕೆನ್ನೆಗೆ ಚುಚ್ಚುವಾಗ ಆ ಒಂದು ಮಿ.ಲೀ. ಕಡಿಮೆಯಾಗುವುದು ಸಣ್ಣ ಮಾತಲ್ಲ. ಮಗುವನ್ನು ಅಂದಾಜಿನಲ್ಲಿ ತೂಗಬೇಡಿ, ತಕ್ಕಡಿಯ ಮೇಲೇ ನಿಲ್ಲಿಸಿ.

ಸೀರಮ್ ಹಾಕುವ ರೀತಿ

ಸೀರಮ್ಮಿನ ಜಾಗ ಗಾಯ. ತೋಳಿಗೋ ತೊಡೆಗೋ ಚುಚ್ಚಿ ಮುಗಿಸಿದರೆ ಅದು ಇಡೀ ರಕ್ತದಲ್ಲಿ ತೆಳುವಾಗಿ ಹರಡಿಹೋಗುತ್ತದೆ, ವೈರಸ್ ಇರುವ ಕಡೆ ಹನಿಯಷ್ಟೂ ಸಾಲುವುದಿಲ್ಲ. ಗಾಯದ ಅಂಚಿನಿಂದ ಸೂಜಿ ತೂರಿಸಿ, ನಿಧಾನವಾಗಿ ಹಿಂದೆಳೆಯುತ್ತ ಹನಿಹನಿಯಾಗಿ ಬಿಡುತ್ತ, ಗಾಯದ ಆಳಕ್ಕೂ ಸುತ್ತಲಿಗೂ ತುಂಬಬೇಕು. ಸುತ್ತಲಿನ ಚರ್ಮ ಸ್ವಲ್ಪ ಉಬ್ಬುತ್ತದೆ. ನೋವಾಗುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ. ಮಗುವನ್ನು ಹಿಡಿದುಕೊಳ್ಳಲು ಒಬ್ಬರು ಬೇಕು. ಪ್ರತಿ ಹಲ್ಲಿನ ತೂತಿಗೂ, ಪ್ರತಿ ಗೀರಿಗೂ ಹಾಕಬೇಕು. ಬಿಟ್ಟುಹೋದ ಒಂದು ಸಣ್ಣ ಗೀರು ಸಾಕು ವೈರಸ್ಸಿಗೆ.

ಗಾಯ ಹಲವಾರು ಇದ್ದು ಸೀರಮ್ ಸಾಲದಿದ್ದರೆ ಸಲೈನ್ ಬೆರೆಸಿ ಎರಡು-ಮೂರು ಪಟ್ಟು ಮಾಡಿಕೊಂಡು ಎಲ್ಲದಕ್ಕೂ ಹಂಚಬೇಕು. ಲೆಕ್ಕ ಹಾಕಿದ ಡೋಸನ್ನು ಮೀರಿ ಹೆಚ್ಚು ಸೀರಮ್ ಹಾಕಬಾರದು, ಅತಿಯಾದರೆ ಲಸಿಕೆಯ ಕೆಲಸವನ್ನೇ ಅದು ತಗ್ಗಿಸುತ್ತದೆ. ಬೆರಳಿನ ಗಾಯದಲ್ಲಿ ಇನ್ನೊಂದು ಎಚ್ಚರ: ಬೆರಳ ತುದಿಯ ಚರ್ಮ ಬಿಗಿಯಾದ್ದು, ಹೆಚ್ಚು ತುಂಬಿದರೆ ರಕ್ತ ಓಡಾಟ ನಿಲ್ಲುತ್ತದೆ. ತುದಿ ಬಿಳಿಚಿಕೊಂಡರೆ ಅಲ್ಲಿಗೇ ನಿಲ್ಲಿಸಬೇಕು.

ಗಾಯ ಚಿಕ್ಕದು, ಬಾಟಲಿಯಲ್ಲಿ ಉಳಿದಿದೆ ಎಂದರೆ ಅದನ್ನೇನು ಮಾಡುವುದು? ಹಳೆಯ ಪದ್ಧತಿಯಲ್ಲಿ ಉಳಿದದ್ದನ್ನು ತೊಡೆಗೆ ಚುಚ್ಚುತ್ತಿದ್ದರು. ಶಿಮ್ಲಾದಲ್ಲಿ ಸೀರಮ್ ಕೊರತೆ ಬಿದ್ದ ಕಾಲದಲ್ಲಿ ಡಾ. ಓಮೇಶ್ ಭಾರ್ತಿ ಗಾಯಕ್ಕೆ ಬೇಕಾದಷ್ಟನ್ನೇ ಹಾಕಿ ಉಳಿದದ್ದನ್ನು ಮುಂದಿನ ರೋಗಿಗೆ ಇಟ್ಟರು. ಈ ಕ್ರಮದ ಅನುಭವ ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸಿಗೂ ನೆರವಾಯಿತು, ಅವರಿಗೆ 2019ರಲ್ಲಿ ಪದ್ಮಶ್ರೀ ಬಂತು. ಈಗ ಶಿಫಾರಸು ಇರುವುದು ಗಾಯಕ್ಕೆ ಮಾತ್ರ. ಆದ್ದರಿಂದ ನಿಮಗೆ ಇಡೀ ಬಾಟಲಿ ಹಾಕದಿದ್ದರೆ ಮೋಸವಾಯಿತೆಂದು ತಿಳಿಯಬೇಡಿ. ಗಾಯ ಪೂರ್ತಿ ತುಂಬಿದರೆ ಸಾಕು.

ಹೊಲಿಗೆ ಆದಷ್ಟೂ ಬೇಡ. ಮುಖದ ದೊಡ್ಡ ಗಾಯದಲ್ಲಿ ಅನಿವಾರ್ಯವಾದರೆ ಮೊದಲು ಸೀರಮ್ ತುಂಬಿ, ಕೆಲವು ಗಂಟೆ ಬಿಟ್ಟು, ಸಡಿಲವಾಗಿ ಕೆಲವೇ ಹೊಲಿಗೆ. ಸೀರಮ್ ಹಾಕದೆ ಹೊಲಿದರೆ ಸೂಜಿಯೇ ವೈರಸ್ಸನ್ನು ಆಳಕ್ಕೆ ಒಯ್ಯುತ್ತದೆ. ಸೀರಮ್ಮನ್ನೂ ಲಸಿಕೆಯನ್ನೂ ಒಂದೇ ಸಿರಿಂಜಿನಲ್ಲಿ, ಒಂದೇ ಜಾಗಕ್ಕೆ ಹಾಕಬಾರದು. ತೋಳಿಗೇ ಕಚ್ಚಿದ್ದರೆ ಲಸಿಕೆಯನ್ನು ದೂರದ ಬೇರೆ ಜಾಗಕ್ಕೆ ಕೊಡಬೇಕು.

ಇದಕ್ಕೆ ಮುಂಚೆ ಲಸಿಕೆ ಆಗಿದ್ದವರು, ಮನೆಯ ನಾಯಿ ಕಚ್ಚಿದವರು

ಹಿಂದೆ ಯಾವಾಗಲಾದರೂ ಪೂರ್ತಿ ಕೋರ್ಸ್ ಮುಗಿಸಿದ್ದು ಅದಕ್ಕೆ ಚೀಟಿ ಇದ್ದರೆ ಮತ್ತೆ ಕಚ್ಚಿದಾಗ 0 ಮತ್ತು 3ನೇ ದಿನ ಒಂದೊಂದು ಡೋಸ್ ಸಾಕು. ಸೀರಮ್ ಬೇಕಿಲ್ಲ, ಗಾಯ ಎಷ್ಟೇ ದೊಡ್ಡದಿರಲಿ. ಕೋರ್ಸ್ ಮುಗಿದು 3 ತಿಂಗಳೊಳಗೆ ಮತ್ತೆ ಕಚ್ಚಿದರೆ ಗಾಯ ತೊಳೆದರೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಳೇ ಚೀಟಿ ಇಲ್ಲದಿದ್ದರೆ ಹೊಸಬರಂತೆಯೇ ಪೂರ್ತಿ ಚಿಕಿತ್ಸೆ. ಹಾಗಾಗಿ ಆ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಎತ್ತಿಡಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಪಶುವೈದ್ಯರು, ನಾಯಿ ಹಿಡಿಯುವ ಸಿಬ್ಬಂದಿ, ಬೀದಿನಾಯಿಗಳಿಗೆ ದಿನವೂ ಅನ್ನ ಹಾಕುವವರು ಕಚ್ಚುವ ಮುಂಚೆಯೇ ಲಸಿಕೆ ಹಾಕಿಸಿಕೊಳ್ಳುವುದು ಜಾಣತನ. ನಮ್ಮಲ್ಲಿ 0, 7 ಮತ್ತು 21 ಅಥವಾ 28ನೇ ದಿನ ಮೂರು ಡೋಸ್ ಕೊಡುತ್ತಾರೆ. ಇದರ ದೊಡ್ಡ ಲಾಭ, ಮುಂದೆ ಕಚ್ಚಿದಾಗ ಸೀರಮ್ ಹುಡುಕಿಕೊಂಡು ಓಡಬೇಕಿಲ್ಲ. ಇಂಥವರು ಬೇಕಿದ್ದರೆ ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಎಂದು ನೋಡಿಸಿಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನ ನ್ಯೂರೋವೈರಾಲಜಿ ವಿಭಾಗದಲ್ಲಿ ಈ ಪರೀಕ್ಷೆ ಇದೆ. ಮಿ.ಲೀ.ಗೆ 0.5 ಯೂನಿಟ್ ಇದ್ದರೆ ಸಾಕಷ್ಟು ಎಂದರ್ಥ. ಮಾಮೂಲಿ ಕಡಿತಕ್ಕೆ ಚಿಕಿತ್ಸೆ ಪಡೆದವರಿಗೆ ಈ ಪರೀಕ್ಷೆಯ ಖರ್ಚು ಬೇಡ.

ಮನೆಯ ನಾಯಿ, ಅದಕ್ಕೆ ಲಸಿಕೆ ಹಾಕಿಸಿದ್ದೇವೆ, ಕಾದು ನೋಡೋಣವೇ ಎಂದು ಕೇಳುವವರಿದ್ದಾರೆ. ಕಾಯಬಾರದು. ಚಿಕಿತ್ಸೆ ಶುರು ಮಾಡಿ, ಜೊತೆಗೆ ನಾಯಿಯನ್ನು 10 ದಿನ ಕಟ್ಟಿ ಗಮನಿಸಿ. ಜೊಲ್ಲಿನಲ್ಲಿ ವೈರಸ್ ಬಂದ ನಾಯಿ ಅಷ್ಟರೊಳಗೆ ರೋಗ ತೋರಿಸಿ ಸಾಯುತ್ತದೆ. 10 ದಿನವೂ ಅದು ಆರೋಗ್ಯವಾಗಿದ್ದರೆ ಸ್ನಾಯು ಕ್ರಮದಲ್ಲಿ 14ನೇ ದಿನದ ಡೋಸ್ ಬಿಟ್ಟು 28ನೆಯದನ್ನು ಹಾಕಿಸಿಕೊಂಡು ಮುಗಿಸಬಹುದು. ಅದು ಮುಂಗಡ ಲಸಿಕೆಯಂತೆ ನಿಮ್ಮ ಪಾಲಿಗೆ ಉಳಿಯುತ್ತದೆ. ಈ 10 ದಿನದ ಲೆಕ್ಕ ನಾಯಿ, ಬೆಕ್ಕಿಗೆ ಮಾತ್ರ. ಮಂಗ, ಮುಂಗುಸಿ, ನರಿ ಕಚ್ಚಿದರೆ ಕಾದು ನೋಡುವ ಮಾತಿಲ್ಲ, ಕೋರ್ಸ್ ಮುಗಿಸಲೇಬೇಕು. ನಾಯಿಮರಿ ಎಂದು ಹಗುರ ಮಾಡಬೇಡಿ, ಮರಿಗೂ ರೇಬೀಸ್ ಬರುತ್ತದೆ. ಹುಚ್ಚುನಾಯಿ ಕಚ್ಚಿದ ಹಸುವಿನ ಹಾಲನ್ನು ಕಾಯಿಸಿ ಕುಡಿದವರಿಗೆ ಲಸಿಕೆಯ ಅಗತ್ಯವಿಲ್ಲ.

ಹತ್ತಿರದ ಆಸ್ಪತ್ರೆಯಲ್ಲಿ ಸೀರಮ್ ಇಲ್ಲ ಎಂದರೆ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇದ್ದು ಸೀರಮ್ ಇಲ್ಲದಿರುವುದು ಸಾಮಾನ್ಯ. ಹಾಗಾದಾಗ ಲಸಿಕೆಯನ್ನು ಅಲ್ಲೇ, ಆಗಲೇ ಹಾಕಿಸಿಕೊಳ್ಳಿ. ಧನುರ್ವಾಯುವಿನ ಚುಚ್ಚನ್ನೂ ಕೇಳಿ. ಚೀಟಿಯಲ್ಲಿ ತಾರೀಖು, ಗಾಯದ ದರ್ಜೆ, "ಸೀರಮ್ ಕೊಟ್ಟಿಲ್ಲ" ಎಂಬ ಮಾತು ಬರೆಸಿಕೊಂಡು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೊರಡಿ. ಹೊರಡುವ ಮುಂಚೆ ಫೋನ್ ಮಾಡಿ, "ರೇಬೀಸ್ ಸೀರಮ್ ಸ್ಟಾಕ್ ಇದೆಯೇ, ಯಾವ ಬಗೆ, ರಾತ್ರಿ ಹೊತ್ತೂ ಕೊಡುತ್ತೀರಾ" ಎಂದು ಕೇಳಿ. "ಎಆರ್‌ವಿ ಇದೆ" ಎಂಬ ಉತ್ತರ ಬಂದರೆ ಅದು ಲಸಿಕೆ, ಸೀರಮ್ ಅಲ್ಲ. ಮತ್ತೊಮ್ಮೆ ಕೇಳಿ.

ಅದೇ ದಿನ ಆಗದಿದ್ದರೂ ಕೈಬಿಡಬೇಡಿ. ಮೊದಲ ಲಸಿಕೆಯಿಂದ 7ನೇ ದಿನದವರೆಗೆ ಸೀರಮ್ ಹಾಕಬಹುದು. ಅದು ದಾಟಿದರೆ ದೇಹದ ಸ್ವಂತ ಪ್ರತಿಕಾಯ ಏಳತೊಡಗಿರುತ್ತದೆ, ಆಗ ಸೀರಮ್ ಅನಗತ್ಯ. ಇನ್ನು ಕಚ್ಚಿ ವಾರಗಳೋ ತಿಂಗಳೋ ಕಳೆದು, ಲಸಿಕೆಯನ್ನೇ ಹಾಕಿಸಿಕೊಳ್ಳದೆ ಈಗ ಭಯವಾಗಿ ಬಂದವರಿಗೂ ದಾರಿ ಇದೆ. ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 1ರಿಂದ 3 ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಅಂಥವರನ್ನು ಇವತ್ತೇ ಕಚ್ಚಿದವರಂತೆ ಭಾವಿಸಿ, ಗಾಯ ಮಾಯ್ದಿದ್ದರೂ ಆ ಗುರುತಿನ ಸುತ್ತ ಸೀರಮ್ ಹಾಕಿ, ಲಸಿಕೆ ಶುರು ಮಾಡುತ್ತಾರೆ. ಗಾಯದ ಗುರುತು ಎಲ್ಲಿತ್ತೆಂದು ಮರೆಯುವ ಮುಂಚೆ ಪೆನ್ನಿನಿಂದ ಸುತ್ತು ಹಾಕಿಕೊಂಡು ಹೋಗಿ.